ಪುಸ್ತಕಕ್ಕೆ ಲೆಕ್ಕವಿದೆ, ಗ್ರಂಥಪಾಲಕರ ಕೆಲಸಕ್ಕಿಲ್ಲ

ಮನೆಯ ಆಸ್ತಿ ತೆರಿಗೆ ರಸೀದಿಯನ್ನು ಒಮ್ಮೆ ತೆಗೆದು ನೋಡಿ. ಆರೋಗ್ಯ ಕರ, ಶಿಕ್ಷಣ ಕರ, ಭಿಕ್ಷುಕರ ಕರ ಎಂಬ ಸಾಲುಗಳ ನಡುವೆ ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದೆ. ತೆರಿಗೆಯ ಪ್ರತಿ ರೂಪಾಯಿಗೆ 6 ಪೈಸೆ. ಕರ್ನಾಟಕದ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದ ಏರ್ಪಾಡು ಇದು. ಗ್ರಂಥಾಲಯಕ್ಕೆಂದೇ ಜನರಿಂದ ಹಣ ಎತ್ತುವ ಕಾನೂನು ದೇಶದ ಕೆಲವು ರಾಜ್ಯಗಳಲ್ಲಷ್ಟೇ ಇದೆ. ತಮಿಳುನಾಡಿನಲ್ಲಿದೆ, ಅಲ್ಲಿ ರೂಪಾಯಿಗೆ 10 ಪೈಸೆ. ಅಂದರೆ ಕರ್ನಾಟಕದಲ್ಲಿ ಗ್ರಂಥಾಲಯಕ್ಕೆ ಹೋಗದವರೂ ಅದಕ್ಕೆ ದುಡ್ಡು ಕಟ್ಟುತ್ತಿದ್ದಾರೆ, ಬಹುತೇಕರಿಗೆ ಅದು ಗೊತ್ತಿಲ್ಲ ಅಷ್ಟೆ.

ಕಟ್ಟಿದ ದುಡ್ಡು ಎಲ್ಲಿ ಹೋಯಿತು ಎಂಬ ಪ್ರಶ್ನೆ ಆಗಾಗ ಏಳುತ್ತದೆ. ಬೆಂಗಳೂರಿನ ಪಾಲಿಕೆ ಕರ ವಸೂಲಿ ಮಾಡಿಯೂ ಗ್ರಂಥಾಲಯ ಇಲಾಖೆಗೆ ದಾಟಿಸದೆ ಉಳಿಸಿಕೊಂಡ ನೂರಾರು ಕೋಟಿ ರೂಪಾಯಿಯ ಸುದ್ದಿ ವರ್ಷಕ್ಕೊಮ್ಮೆಯಾದರೂ ಪತ್ರಿಕೆಗಳಲ್ಲಿ ಬರುತ್ತದೆ. ಆ ಜಗಳ ಇಲಾಖೆಗಳ ನಡುವಿನದು. ಅದಕ್ಕಿಂತ ಕಡಿಮೆ ಚರ್ಚೆಯಾಗುವುದು ಆ ಹಣದ ಕಟ್ಟಕಡೆಯ ಕೊಂಡಿಯಲ್ಲಿ ಕೂತಿರುವ ಮನುಷ್ಯರ ವಿಷಯ: ನಗರ ಕೇಂದ್ರ ಗ್ರಂಥಾಲಯದ ಗ್ರಂಥಪಾಲಕರು, ಶಾಖೆಯ ಗ್ರಂಥಾಲಯ ಸಹಾಯಕರು, ಸಹವರ್ತಿಗಳು, ಗ್ರಾಮ ಪಂಚಾಯ್ತಿ ಗ್ರಂಥಾಲಯದ ಮೇಲ್ವಿಚಾರಕರು.

ಇವರ ಬಗ್ಗೆ ಊರಲ್ಲಿ ಕೇಳಿದರೆ ಸಿಗುವ ಉತ್ತರ ಹೆಚ್ಚುಕಮ್ಮಿ ಒಂದೇ. ‘ಅವರಿಗೇನು ಬಿಡಿ, ಬಾಗಿಲು ತೆಗೆದು ಪೇಪರ್ ಹರಡಿ ಕೂತರಾಯ್ತು.’ ಊರವರು ಹೀಗಂದರೆ ತಪ್ಪೇನಿಲ್ಲ, ಅವರಿಗೆ ಕಾಣುವುದೇ ಅಷ್ಟು. ತೊಂದರೆಯೆಂದರೆ ಹುದ್ದೆ ಮಂಜೂರು ಮಾಡುವ, ಸಂಬಳ ನಿಗದಿ ಮಾಡುವ, ಪರಿಶೀಲನೆಗೆ ಬರುವ ಕಚೇರಿಗಳೂ ಇದೇ ಅಭಿಪ್ರಾಯದ ಮೇಲೆ ನಡೆಯುತ್ತವೆ. ಗ್ರಂಥಾಲಯದಲ್ಲಿ ಇರುವ ರಿಜಿಸ್ಟರುಗಳೆಲ್ಲ ವಸ್ತುಗಳ ಲೆಕ್ಕ ಇಡುತ್ತವೆ: ಪುಸ್ತಕ ಎಷ್ಟು, ಕುರ್ಚಿ ಎಷ್ಟು, ಪತ್ರಿಕೆ ಎಷ್ಟು. ಆ ಪುಸ್ತಕಗಳನ್ನು ಓದುಗರ ಕೈಗೆ ಮುಟ್ಟಿಸಲು ಏನೇನು ಮಾಡಬೇಕಾಯಿತು ಎಂಬುದಕ್ಕೆ ಕಾಲಂ ಇಲ್ಲ. ಕಾಲಂ ಇಲ್ಲದ ಕೆಲಸಕ್ಕೆ ಸರ್ಕಾರದಲ್ಲಿ ಬೆಲೆ ಹುಟ್ಟುವುದು ಕಷ್ಟ.

ಕಪಾಟು ಸೇರುವ ಮುನ್ನ

ಹೊಸ ಪುಸ್ತಕಗಳ ಕಟ್ಟು ಬಂತು ಅಂದುಕೊಳ್ಳಿ. ಮೊದಲು ಬಿಲ್ಲಿನ ಜತೆ ತಾಳೆ ನೋಡಬೇಕು: ಶೀರ್ಷಿಕೆ, ಪ್ರತಿ, ಬೆಲೆ, ರಿಯಾಯಿತಿ. ಆಮೇಲೆ ಪ್ರತಿ ಪುಸ್ತಕದ ಪುಟ ತಿರುವಬೇಕು. ಕನ್ನಡ ಪುಸ್ತಕಗಳು ಸಾಮಾನ್ಯವಾಗಿ 16 ಪುಟಗಳ ಫಾರಂ ಲೆಕ್ಕದಲ್ಲಿ ಅಚ್ಚಾಗುತ್ತವೆ. ಬೈಂಡಿಂಗಿನಲ್ಲಿ ಒಂದು ಫಾರಂ ಜಾರಿದರೆ 48ನೇ ಪುಟದ ಮುಂದೆ ನೇರ 65 ಬರುತ್ತದೆ, ಕೆಲವೊಮ್ಮೆ ಒಂದೇ ಫಾರಂ ಎರಡು ಸಲ ಕೂತಿರುತ್ತದೆ. ಇದನ್ನು ಮುದ್ರೆ ಒತ್ತುವ ಮೊದಲೇ ಹಿಡಿಯಬೇಕು. ಗ್ರಂಥಾಲಯದ ಮುದ್ರೆ ಬಿದ್ದ ಪ್ರತಿಯನ್ನು ಪ್ರಕಾಶಕರು ವಾಪಸ್ ತೆಗೆದುಕೊಳ್ಳುವುದಿಲ್ಲ, ಕಾದಂಬರಿಯ ಮುಕ್ಕಾಲು ಓದಿ ಬಂದ ಓದುಗರು ಮಾತ್ರ ಕೌಂಟರಿನ ಮುಂದೆ ನಿಂತು ಬಯ್ಯುತ್ತಾರೆ.

ನಂತರ ಶೀರ್ಷಿಕೆ ಪುಟಕ್ಕೊಂದು ಮುದ್ರೆ, ಒಳಗೆ ಗೊತ್ತುಮಾಡಿಕೊಂಡ ಗುಟ್ಟಿನ ಪುಟಕ್ಕೊಂದು. ದಾಖಲಾತಿ ರಿಜಿಸ್ಟರಿನಲ್ಲಿ ದಿನಾಂಕ, ಕ್ರಮಸಂಖ್ಯೆ, ಲೇಖಕ, ಶೀರ್ಷಿಕೆ, ಪ್ರಕಾಶಕ, ವರ್ಷ, ಪುಟ, ಬೆಲೆ, ಬಿಲ್ ನಂಬರ್. ಅದೇ ಕ್ರಮಸಂಖ್ಯೆ ಪುಸ್ತಕದ ಮೇಲೂ ಬೀಳಬೇಕು, ಅಂಕಿಯೊಂದು ಅದಲುಬದಲಾದರೆ ಎರಡು ವರ್ಷದ ನಂತರದ ತಪಾಸಣೆಯಲ್ಲಿ ಒಂದು ಪುಸ್ತಕ ‘ಕಾಣೆ’, ಇನ್ನೊಂದು ‘ಹೆಚ್ಚುವರಿ’. ಆಮೇಲೆ ವರ್ಗೀಕರಣ (ವಿಷಯಕ್ಕೆ ತಕ್ಕ ಸಂಖ್ಯೆ ಕೊಡುವುದು), ಬೆನ್ನಿಗೆ ಚೀಟಿ, ಒಳಗೆ ದಿನಾಂಕದ ಹಾಳೆ, ಪುಸ್ತಕದ ಕಾರ್ಡು, ಅದಕ್ಕೊಂದು ಜೇಬು. ಎಲ್ಲವನ್ನೂ ಕೈಯಲ್ಲೇ ಮಾಡಿದರೆ ಪುಸ್ತಕವೊಂದಕ್ಕೆ 15 ನಿಮಿಷ ಹಿಡಿಯಿರಿ. 200 ಪುಸ್ತಕಕ್ಕೆ 50 ಗಂಟೆ. ದಿನಕ್ಕೆ 4 ಗಂಟೆಯ ಹುದ್ದೆಯಲ್ಲಿ, ಅಷ್ಟೂ ಹೊತ್ತು ಓದುಗರೊಬ್ಬರೂ ಒಳಗೆ ಕಾಲಿಡದಿದ್ದರೂ, ಹನ್ನೆರಡು ಹದಿಮೂರು ದಿನ.

ವರ್ಗೀಕರಣ ಯಾಂತ್ರಿಕ ಕೆಲಸ ಎಂದು ತಿಳಿದವರು ಕನ್ನಡ ಕಪಾಟಿನ ಮುಂದೆ ನಿಂತು ನೋಡಬೇಕು. ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಇಡೀ ಕನ್ನಡ ಸಾಹಿತ್ಯಕ್ಕೆ ಸಿಕ್ಕಿರುವುದು 894.814 ಎಂಬ ಒಂದು ಸಂಖ್ಯೆ. ಕೊನೆಗೆ 1 ಸೇರಿಸಿದರೆ ಕಾವ್ಯ, 2 ಸೇರಿಸಿದರೆ ನಾಟಕ, 3 ಸೇರಿಸಿದರೆ ಕಥೆ ಕಾದಂಬರಿ. ಅಮೆರಿಕದಲ್ಲಿ ಹುಟ್ಟಿದ ಪದ್ಧತಿ ಅದು, ಇಂಗ್ಲಿಷ್ ಸಾಹಿತ್ಯಕ್ಕೆ ವಿಶಾಲವಾದ ಅಂಗಳ ಕೊಟ್ಟು ನಮ್ಮನ್ನು ಮೂಲೆಯ ಕೋಣೆಗೆ ಹಾಕಿದೆ. ಆದರೆ ಹಳ್ಳಿಯ ಗ್ರಂಥಾಲಯದಲ್ಲಿ ಅರ್ಧಕ್ಕರ್ಧ ಸಂಗ್ರಹ ಇದೇ ಮೂಲೆಯದು. ಸಾವಿರ ಪುಸ್ತಕದ ಬೆನ್ನಿನ ಮೇಲೂ 894.8143 ಎಂದು ಬರೆದರೆ ಬರೆದೂ ಪ್ರಯೋಜನವಿಲ್ಲ. ಮುಂದಿನ ಜೋಡಣೆ ಲೇಖಕರ ಹೆಸರಿನಲ್ಲೇ ಆಗಬೇಕು, ಕನ್ನಡದ ತೊಡಕು ಶುರುವಾಗುವುದೇ ಅಲ್ಲಿ. ಕುವೆಂಪು ಎಂದು ಇಡಬೇಕೋ ಪುಟ್ಟಪ್ಪ ಎಂದೋ? ಬೇಂದ್ರೆಯವರ ಕವನಗಳು ‘ಬ’ಕ್ಕೋ, ಅಂಬಿಕಾತನಯದತ್ತ ಅಂತ ‘ಅ’ಕ್ಕೋ? ತೇಜಸ್ವಿಯವರನ್ನು ‘ಪ’ದಲ್ಲಿ ಹುಡುಕುವ ಓದುಗರು ಕಡಿಮೆ, ‘ತ’ದಲ್ಲಿ ಹುಡುಕುವವರು ಹೆಚ್ಚು. ಓದುಗರು ಯಾವ ಹೆಸರಿನಿಂದ ಕೇಳುತ್ತಾರೋ ಆ ಹೆಸರಿನಡಿ ಇಟ್ಟು, ಉಳಿದ ಹೆಸರುಗಳಿಂದ ಅಲ್ಲಿಗೆ ದಾರಿ ತೋರಿಸುವ ಚೀಟಿ ಬರೆಯುವುದು ಒಳ್ಳೆಯ ಗ್ರಂಥಪಾಲಕರ ಲಕ್ಷಣ.

ಕಂಪ್ಯೂಟರ್ ಬಂದ ಮೇಲೆ ಇದು ಸಲೀಸಾಗಬೇಕಿತ್ತು. ಹಲವು ಕಡೆ ಆಗಿರುವುದು ಉಲ್ಟಾ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಪಟ್ಟಿಗಳು ಯೂನಿಕೋಡ್ ತಂತ್ರಾಂಶಕ್ಕೆ ಹಾಕಿದಾಗ ಅರ್ಥವಿಲ್ಲದ ಅಕ್ಷರಗಳ ರಾಶಿಯಾಗುತ್ತವೆ. ಪರಿವರ್ತಕದಲ್ಲಿ ಹಾಯಿಸಿದರೆ ಬಹುಪಾಲು ಸರಿಹೋಗುತ್ತದೆ, ಒತ್ತಕ್ಷರ ಮತ್ತು ಅರ್ಕಾವತ್ತು ಇರುವಲ್ಲಿ ಮಾತ್ರ ಕೆಡುತ್ತದೆ. ಅದನ್ನು ಒಂದೊಂದಾಗಿ ಕಣ್ಣಿಟ್ಟು ತಿದ್ದಬೇಕು. ಇನ್ನು ಕೆಲವರು ಗುತ್ತಿಗೆದಾರರಿಂದ ಇಂಗ್ಲಿಷ್ ಲಿಪಿಯಲ್ಲಿ ಡೇಟಾ ಎಂಟ್ರಿ ಮಾಡಿಸಿದ್ದಾರೆ. ಒಬ್ಬನೇ ಲೇಖಕ ಮೂರು ಸ್ಪೆಲ್ಲಿಂಗಿನಲ್ಲಿ ಮೂವರಾಗುತ್ತಾನೆ, ಹುಡುಕಿದರೆ ಮೂರರಲ್ಲೊಂದು ಪಾಲು ಪುಸ್ತಕ ಮಾತ್ರ ಪರದೆಯ ಮೇಲೆ ಬರುತ್ತದೆ. ‘ಗಣಕೀಕರಣ ಪೂರ್ಣ’ ಎಂದು ವರದಿ ಹೋಗಿರುತ್ತದೆ. ಓದುಗರು ಕೌಂಟರಿಗೇ ಬಂದು ಬಾಯಲ್ಲಿ ಕೇಳುತ್ತಾರೆ.

ಕಳೆದರೆ ಯಾರ ತಲೆಗೆ?

ಗಾಜಿನ ಬೀರುವಿನಲ್ಲಿ ಬೀಗ ಹಾಕಿದ ಪುಸ್ತಕ, ‘ಮುಟ್ಟಬೇಡಿ, ಕೇಳಿ ಪಡೆಯಿರಿ’ ಎಂಬ ಫಲಕ ನಮ್ಮ ಬಹಳಷ್ಟು ಗ್ರಂಥಾಲಯಗಳ ಗುರುತು. ಇದನ್ನು ಸಿಬ್ಬಂದಿಯ ಸೋಮಾರಿತನ ಅಥವಾ ದರ್ಪ ಎಂದು ತಿಳಿಯುವವರೇ ಹೆಚ್ಚು. ನಿಜವಾದ ಕಾರಣ ಲೆಕ್ಕಪತ್ರದಲ್ಲಿದೆ. ಸರ್ಕಾರದ ಕಣ್ಣಿಗೆ ಪುಸ್ತಕ ಒಂದು ದಾಸ್ತಾನು, ಮೇಜು ಕುರ್ಚಿಯ ಹಾಗೆ. ವರ್ಗಾವಣೆಯಾದಾಗ ಬರುವವರು ಪ್ರತಿ ಪುಸ್ತಕ ಎಣಿಸಿಕೊಂಡೇ ಪ್ರಭಾರ ವಹಿಸಿಕೊಳ್ಳುತ್ತಾರೆ. ಕಡಿಮೆ ಬಿದ್ದಷ್ಟಕ್ಕೆ ಹೋಗುವವರ ಹೆಸರಿನಲ್ಲಿ ಟಿಪ್ಪಣಿ. ನಿವೃತ್ತಿಯ ಹೊತ್ತಿಗೆ ‘ಬಾಕಿ ಇಲ್ಲ’ ಪತ್ರ ಬೇಕಾದಾಗ ಆ ಟಿಪ್ಪಣಿ ಎದ್ದು ಕೂರುತ್ತದೆ.

ಹಾಗೆ ನೋಡಿದರೆ ನಿಯಮ ಇಷ್ಟು ಕಠಿಣವಾಗಿರಬೇಕಿಲ್ಲ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೆಯದು ಗ್ರಂಥಾಲಯಕ್ಕೇ ಮೀಸಲು. ಓದಲು ಕೊಟ್ಟ ಅಥವಾ ಅಲ್ಲೇ ನೋಡಿದ ಪ್ರತಿ 1,000 ಸಂಪುಟಕ್ಕೆ ವರ್ಷಕ್ಕೆ 5 ಕಳೆದರೆ ಅದು ಸಹಜ ನಷ್ಟ, ಅಪ್ರಾಮಾಣಿಕತೆ ಅಥವಾ ಅಸಡ್ಡೆಯಿಂದ ಆದದ್ದಲ್ಲದಿದ್ದರೆ. 1,000 ರೂಪಾಯಿ ಮೀರಿದ ಬೆಲೆಯವು ಮತ್ತು ಅಪರೂಪದವು ಕಳೆದರೆ ಮಾತ್ರ ವಿಚಾರಣೆ ಕಡ್ಡಾಯ. 20,000 ಸಂಪುಟದವರೆಗಿನ ಗ್ರಂಥಾಲಯಕ್ಕೆ ವರ್ಷಕ್ಕೊಮ್ಮೆ ಪೂರ್ಣ ತಪಾಸಣೆ, 20,000ದಿಂದ 50,000ದವರೆಗೆ ಮೂರು ವರ್ಷಕ್ಕೊಮ್ಮೆಯಾದರೂ, ಅದಕ್ಕೂ ಮೇಲ್ಪಟ್ಟರೆ ಮಾದರಿ ತಪಾಸಣೆ ಸಾಕು. ಈ ನಿಯಮದ ಹಿಂದಿರುವ ತಿಳಿವಳಿಕೆ ಸರಳವಾದದ್ದು: ಪುಸ್ತಕ ಓಡಾಡಿದರೆ ಒಂದಷ್ಟು ಕಳೆದೇ ಕಳೆಯುತ್ತದೆ. ಒಂದೂ ಕಳೆಯದ ಗ್ರಂಥಾಲಯವೆಂದರೆ ಯಾರೂ ಬಳಸದ ಗ್ರಂಥಾಲಯ.

ನಮ್ಮ ಶಾಖೆಗಳಲ್ಲಿ, ಪಂಚಾಯ್ತಿಗಳಲ್ಲಿ ಕೂತವರಿಗೆ ಇಂಥ ರಕ್ಷಣೆ ಇದೆಯೆಂಬ ನಂಬಿಕೆ ಇಲ್ಲ. ಗೌರವಧನದ ಮೇಲೆ ಬದುಕುವವರು 600 ರೂಪಾಯಿಯ ನಿಘಂಟನ್ನು ಹತ್ತನೇ ಕ್ಲಾಸಿನ ಹುಡುಗಿಗೆ ಮನೆಗೆ ಕೊಡುವ ಮೊದಲು ಎರಡು ಸಲ ಯೋಚಿಸುತ್ತಾರೆ. ಪುಸ್ತಕ ಕೊಟ್ಟರೆ ಅವರಿಗೆ ಸಿಗುವುದು ಏನೂ ಇಲ್ಲ, ಕೊಡದೆ ಬೀಗ ಹಾಕಿದರೆ ಕಳೆದುಕೊಳ್ಳುವುದೂ ಏನೂ ಇಲ್ಲ. ಗ್ರಂಥಾಲಯ ವಿಜ್ಞಾನಕ್ಕೆ ಐದು ಸೂತ್ರ ಕೊಟ್ಟ ಎಸ್. ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲೇ, 1972ರಲ್ಲಿ ತೀರಿಕೊಂಡದ್ದೂ ಇಲ್ಲೇ. ಪುಸ್ತಕ ಇರುವುದು ಬಳಕೆಗೆ ಎಂಬುದು ಅವರ ಮೊದಲನೆಯ ಸೂತ್ರ. ಆಗಸ್ಟ್ 12ರಂದು, ಗ್ರಂಥಪಾಲಕರ ದಿನಾಚರಣೆಯಲ್ಲಿ, ಅವರ ಫೋಟೋಕ್ಕೆ ಹಾರ ಹಾಕುವ ಕೋಣೆಯಲ್ಲೇ ಬೀಗ ಹಾಕಿದ ಬೀರು ಇರುತ್ತದೆ. ಸೂತ್ರ ಓದಿಕೊಂಡವರು ಸೂತ್ರ ಮರೆತಿಲ್ಲ, ದಾಸ್ತಾನು ನಿಯಮ ಅವರ ಕೈಕಟ್ಟಿದೆ.

ಇದರ ಇನ್ನೊಂದು ಮುಖ ವಿಲೇವಾರಿ. ಬೇಡದ ಪುಸ್ತಕವನ್ನು ತೆಗೆಯುವುದು ಬೇಕಾದ್ದನ್ನು ತರಿಸುವಷ್ಟೇ ಮುಖ್ಯ. ಆರೂವರೆ ಅಡಿ ಎತ್ತರ, ಮೂರಡಿ ಅಗಲದ ಒಂದು ಉಕ್ಕಿನ ರ್‍ಯಾಕಿನಲ್ಲಿ ಒಂದರ ಮೇಲೊಂದು ಐದು ಅಂಕಣ. ಪುಸ್ತಕ ತೆಗೆದಿಡಲು ಬೆರಳು ಆಡುವಷ್ಟು ಜಾಗ ಬಿಟ್ಟರೆ ಅಂಕಣಕ್ಕೆ 35ರಿಂದ 40 ಕನ್ನಡ ಪುಸ್ತಕ, ರ್‍ಯಾಕಿಗೆ ಹತ್ತಿರಹತ್ತಿರ 200. ಅಂದಮೇಲೆ 4,000 ಪುಸ್ತಕಕ್ಕೆ 20 ರ್‍ಯಾಕು ಬೇಕು, ಎರಡು ರ್‍ಯಾಕಿನ ನಡುವೆ ಓಡಾಡಲು ಮೂರಡಿ ಬೇಕು. ಹತ್ತು ಹನ್ನೆರಡು ಅಡಿಯ ಕೋಣೆಯಲ್ಲಿ ಇದು ಆಗದ ಮಾತು. ಹೀಗಿದ್ದೂ ಬದಲಾದ ಪಠ್ಯಕ್ರಮದ ಗೈಡುಗಳು, 2001ರ ಜನಗಣತಿಯ ಅಂಕಿ ಹೊತ್ತ ಸಾಮಾನ್ಯ ಜ್ಞಾನದ ಪುಸ್ತಕಗಳು, ಫ್ಲಾಪಿ ಡಿಸ್ಕ್ ಬಳಸುವುದು ಹೇಗೆಂದು ಕಲಿಸುವ ಕಂಪ್ಯೂಟರ್ ಪುಸ್ತಕಗಳು ಕಣ್ಣಿನ ಮಟ್ಟದ ಅಂಕಣದಲ್ಲೇ ಕೂತಿರುತ್ತವೆ. ತೆಗೆಯಬೇಕೆಂದರೆ ಪಟ್ಟಿ ಮಾಡಿ, ಸಮಿತಿ ಮುಂದಿಟ್ಟು, ರದ್ದು ಆದೇಶ ಪಡೆದು, ರಿಜಿಸ್ಟರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದು, ಹರಾಜಿನ ಹಣ ಖಜಾನೆಗೆ ಕಟ್ಟಬೇಕು. ಸಮಿತಿ ಸೇರುವುದಿಲ್ಲ. ಹೊಸ ಪುಸ್ತಕ ನೆಲದ ಮೇಲೆ ಕಟ್ಟಿನಲ್ಲೇ ಉಳಿಯುತ್ತದೆ.

ಮಲೆನಾಡು, ಕರಾವಳಿಯಲ್ಲಾದರೆ ನೆಲದ ಮೇಲೆ ಉಳಿದ ಕಟ್ಟು ಒಂದು ಮಳೆಗಾಲ ಬಾಳುವುದಿಲ್ಲ. ರ್‍ಯಾಕನ್ನು ಗೋಡೆಯಿಂದ ಅರ್ಧ ಅಡಿ ದೂರ, ಕೆಳಗಿನ ಅಂಕಣವನ್ನು ನೆಲದಿಂದ ಅರ್ಧ ಅಡಿ ಮೇಲೆ ಇಡಬೇಕು. ಇಲ್ಲದಿದ್ದರೆ ಗೋಡೆಯ ತೇವ ಬೆನ್ನಟ್ಟೆಗೆ ಇಳಿಯುತ್ತದೆ, ಗೆದ್ದಲು ನೆಲದಿಂದ ಏರುತ್ತದೆ. ಒದ್ದೆಯಾದ ಪುಸ್ತಕವನ್ನು ಬಿಸಿಲಿಗೆ ಹಾಕುವುದು ಎಲ್ಲರೂ ಮಾಡುವ ತಪ್ಪು. ಹಾಳೆ ಸುರುಟಿ, ಅಂಟು ಒಡೆದು ಬೈಂಡಿಂಗ್ ಬಿಡುತ್ತದೆ. ಹೀರುಕಾಗದವನ್ನು ಪುಟಗಳ ನಡುವೆ ಇಟ್ಟು, ನಿಲ್ಲಿಸಿ, ಫ್ಯಾನಿನಡಿ ನೆರಳಲ್ಲಿ ಆರಿಸಬೇಕು, ಕಾಗದ ತೋಯ್ದಂತೆ ಬದಲಿಸುತ್ತಿರಬೇಕು. ಬೂಷ್ಟು ಹಿಡಿದದ್ದನ್ನು ಮೊದಲು ಬೇರೆ ಕೋಣೆಗೆ ಸಾಗಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದೇ ಒಂದು ಪೂರ್ತಿ ಕೆಲಸ. ಯಾವ ಮಾಸಿಕ ವರದಿಯಲ್ಲೂ ಇದು ಬರುವುದಿಲ್ಲ.

ಆಯ್ಕೆ ಬೆಂಗಳೂರಿನಲ್ಲಿ, ದೂರು ಕೌಂಟರಿನಲ್ಲಿ

ಕರ್ನಾಟಕದ ಸಾರ್ವಜನಿಕ ಗ್ರಂಥಾಲಯಗಳ ಪುಸ್ತಕಗಳಲ್ಲಿ ದೊಡ್ಡ ಪಾಲು ಬರುವುದು ರಾಜ್ಯಮಟ್ಟದ ಆಯ್ಕೆ ಸಮಿತಿಯ ಮೂಲಕ. ಪ್ರಕಾಶಕರು ಅರ್ಜಿ ಹಾಕುತ್ತಾರೆ, ಸಮಿತಿ ಪಟ್ಟಿ ಮಾಡುತ್ತದೆ, ಆಯ್ಕೆಯಾದ ಶೀರ್ಷಿಕೆಯ 300 ಪ್ರತಿಯನ್ನು ಇಲಾಖೆ ಕೊಳ್ಳುವುದು ಬಹುಕಾಲದ ಪದ್ಧತಿ. ಬೆಲೆಯೂ ಪುಟದ ಲೆಕ್ಕದಲ್ಲಿ, ಪುಟಕ್ಕೆ ಇಂತಿಷ್ಟು ಪೈಸೆ. ಈ ಖರೀದಿ ಇಲ್ಲದಿದ್ದರೆ ಕನ್ನಡದ ಎಷ್ಟೋ ಗಂಭೀರ ಪುಸ್ತಕಗಳು ಅಚ್ಚೇ ಆಗುತ್ತಿರಲಿಲ್ಲ ಎಂಬುದು ನಿಜ, ಅದಕ್ಕಾಗಿ ಈ ಯೋಜನೆ ಉಳಿಯಬೇಕು. ಆದರೆ ಪುಟದ ಲೆಕ್ಕದ ಬೆಲೆ ಮಕ್ಕಳ ಬಣ್ಣದ ಪುಸ್ತಕಗಳನ್ನು ಸೀದಾ ಹೊರಗಿಡುತ್ತದೆ. 24 ಪುಟದ ಚಿತ್ರಪುಸ್ತಕಕ್ಕೆ 240 ಪುಟದ ಪ್ರಬಂಧ ಸಂಕಲನದ ದರ ಹಚ್ಚಿದರೆ ಮುದ್ರಣದ ಖರ್ಚೂ ಹುಟ್ಟುವುದಿಲ್ಲ.

ಇಡೀ ಸರಪಳಿಯಲ್ಲಿ ಓದುಗರ ಮುಖ ನೋಡಿದವರಿಗೆ ಮಾತಿಲ್ಲ. ಬೀದರದ ಶಾಖೆಗೆ ಉರ್ದು, ಮರಾಠಿ ಓದುವವರು ಬರುತ್ತಾರೆ, ಕೋಲಾರಕ್ಕೆ ತೆಲುಗಿನವರು. ಕಬ್ಬು ಬೆಳೆಯುವ ಊರಲ್ಲಿ ಕೇಳುವ ಕೃಷಿ ಪುಸ್ತಕ ಬೇರೆ, ಅಡಿಕೆಯ ಊರಿನದು ಬೇರೆ. ವಯಸ್ಸಾದವರು ದೊಡ್ಡ ಅಕ್ಷರ ಕೇಳುತ್ತಾರೆ, ನಾಲ್ಕನೇ ಕ್ಲಾಸಿನವರು ಚಿತ್ರ ಕೇಳುತ್ತಾರೆ. ಇದೆಲ್ಲ ಕೌಂಟರಿನಲ್ಲಿ ಕೂತವರಿಗೆ ಬಾಯಿಪಾಠ. ಬೇಡಿಕೆ ಪುಸ್ತಕ ಅಂತ ಒಂದು ಇರುತ್ತದೆ, ಓದುಗರು ಬರೆಯುತ್ತಾರೆ, ಅದು ಎಲ್ಲಿಗೂ ಹೋಗುವುದಿಲ್ಲ. ವೃತ್ತಿಯ ತಿರುಳೇ ಪುಸ್ತಕ ಆರಿಸುವುದು. ಆ ಅಧಿಕಾರ ಕಿತ್ತುಕೊಂಡು, ಉಳಿದ ಕೆಲಸಕ್ಕೆ ‘ಬಾಗಿಲು ಕಾಯುವುದು’ ಎಂದು ಹೆಸರಿಟ್ಟರೆ ಆ ಹೆಸರು ನಿಜವಾಗುತ್ತಾ ಹೋಗುತ್ತದೆ. ಈ ಲೇಖನದಲ್ಲಿ ಒಂದೇ ಬದಲಾವಣೆ ಕೇಳಬಹುದಾದರೆ ಅದು ಇದು: ಖರೀದಿ ಹಣದ ಒಂದು ಪಾಲನ್ನು, ಐದರಲ್ಲಿ ಒಂದಾದರೂ ಸರಿ, ಶಾಖೆಯವರೇ ಬೇಡಿಕೆ ಪುಸ್ತಕ ನೋಡಿ ಹತ್ತಿರದ ಅಂಗಡಿಯಲ್ಲಿ ಕೊಳ್ಳಲಿ.

ಪ್ರಶ್ನೆ ಕೇಳುವ ಕೆಲಸ

ಗ್ರಂಥಪಾಲಕರ ಕೆಲಸದಲ್ಲಿ ಎಲ್ಲಕ್ಕಿಂತ ನವಿರಾದದ್ದು ಯಾರ ಕಣ್ಣಿಗೂ ಬೀಳದಂತೆ ನಡೆಯುತ್ತದೆ. ಹುಡುಗನೊಬ್ಬ ಬಂದು ‘ಸೈನ್ಸ್ ಪುಸ್ತಕ ಕೊಡಿ’ ಎನ್ನುತ್ತಾನೆ. ಪಳಗದವರು ವಿಜ್ಞಾನದ ಕಪಾಟು ತೋರಿಸಿ ಸುಮ್ಮನಾಗುತ್ತಾರೆ. ಪಳಗಿದವರು ಮೂರು ಪ್ರಶ್ನೆ ಕೇಳುತ್ತಾರೆ: ಯಾವ ಕ್ಲಾಸು? ಯಾವತ್ತಿಗೆ ಬೇಕು? ಬರೆಯೋಕಾ, ಮಾಡೋಕಾ? ಏಳನೇ ಕ್ಲಾಸು, ಸೋಮವಾರಕ್ಕೆ, ವಸ್ತುಪ್ರದರ್ಶನಕ್ಕೆ ಮಳೆನೀರು ಕೊಯ್ಲಿನ ಮಾದರಿ ಮಾಡಬೇಕು. ಅದಕ್ಕೆ ವಿಜ್ಞಾನದ ಕಪಾಟಿನಲ್ಲಿ ಏನೂ ಇಲ್ಲ. ಹಳೆಯ ಕೃಷಿ ಮಾಸಿಕಗಳ ಕಟ್ಟಿನಲ್ಲಿ ಚಿತ್ರಸಮೇತ ಲೇಖನವಿದೆ, ಯಾವ ತಿಂಗಳದ್ದೆಂದು ಅಂದಾಜೂ ಇದೆ. ಹುಡುಗ ಅಲ್ಲೇ ಕೂತು ಚಿತ್ರ ಬರೆದುಕೊಂಡು ಹೋಗುತ್ತಾನೆ. ಮಾಸಿಕಗಳನ್ನು ಮನೆಗೆ ಕೊಡುವುದಿಲ್ಲವಾದ್ದರಿಂದ ಆ ದಿನದ ವಿತರಣಾ ರಿಜಿಸ್ಟರಿನಲ್ಲಿ ಈ ಅರ್ಧ ಗಂಟೆಯ ಲೆಕ್ಕ ಸೊನ್ನೆ.

ಈಗ ಇಂಥ ಓದುಗರಿಗಿಂತ ಹೆಚ್ಚು ಜಾಗ ತುಂಬುತ್ತಿರುವವರು ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿಗಳು. ಪಿಡಿಒ, ಕಾನ್‌ಸ್ಟೆಬಲ್, ಎಫ್‌ಡಿಎ, ಶಿಕ್ಷಕರ ನೇಮಕ, ಕೆಎಎಸ್. ನಗರ ಕೇಂದ್ರ ಗ್ರಂಥಾಲಯಗಳಲ್ಲಿ ಬಾಗಿಲು ತೆಗೆಯುವ ಮೊದಲೇ ಬ್ಯಾಗಿನ ಸಾಲು. ತಮ್ಮದೇ ಪುಸ್ತಕ ತರುತ್ತಾರೆ. ಅವರಿಗೆ ಬೇಕಿರುವುದು ಕುರ್ಚಿ, ಬೆಳಕು, ಪ್ಲಗ್ ಪಾಯಿಂಟ್, ಕುಡಿಯುವ ನೀರು, ಬಳಸಲು ಯೋಗ್ಯವಾದ ಶೌಚಾಲಯ. ಖಾಸಗಿ ಓದುಕೋಣೆಗೆ ತಿಂಗಳಿಗೆ ದುಡ್ಡು ಕೊಡಲಾಗದವರಿಗೆ ಇದೊಂದೇ ಜಾಗ. ಇವರನ್ನು ನಿಜವಾದ ಓದುಗರಲ್ಲ ಎಂದು ಮೂಗು ಮುರಿಯುವವರಿದ್ದಾರೆ, ಅದು ಅನ್ಯಾಯ. ಆದರೆ ಇದರಿಂದ ಸಿಬ್ಬಂದಿಯ ದಿನಚರಿ ಬದಲಾಗಿರುವುದಂತೂ ಖಂಡಿತ. ಕರ್ಚೀಫು ಹಾಕಿ ಹಿಡಿದಿಟ್ಟ ಕುರ್ಚಿಯ ಜಗಳ, ಫೋನ್ ಮಾತು, ಕರೆಂಟು ಹೋದಾಗಿನ ಗಲಾಟೆ, ಪತ್ರಿಕೆಯಿಂದ ಕತ್ತರಿಸಿಕೊಂಡ ಪ್ರಚಲಿತ ವಿದ್ಯಮಾನದ ಪುಟ. ಇದನ್ನೆಲ್ಲ ಸಂಭಾಳಿಸುವುದರಲ್ಲಿ ಮಕ್ಕಳ ವಿಭಾಗಕ್ಕೆ ಕೊಡಬೇಕಾದ ಹೊತ್ತು ಕರಗುತ್ತದೆ. ನಿವೃತ್ತರಾದವರ ಜಾಗ ತುಂಬದೆ, ಮೂವರ ಕೆಲಸ ಒಬ್ಬರ ಮೇಲೆ ಬಿದ್ದ ಶಾಖೆಗಳಲ್ಲಿ ಮೊದಲು ನಿಲ್ಲುವುದೂ ಮಕ್ಕಳ ವಿಭಾಗವೇ.

ಪಂಚಾಯ್ತಿಗೆ ಬಂದ ಮೇಲೆ

2019ರಲ್ಲಿ ದೊಡ್ಡ ಬದಲಾವಣೆಯಾಯಿತು. ಐದೂವರೆ ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯ್ತಿ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹೋದವು. ಕೋವಿಡ್‌ನಲ್ಲಿ ಶಾಲೆ ಮುಚ್ಚಿದ್ದಾಗ, 2020ರಲ್ಲಿ, ‘ಓದುವ ಬೆಳಕು’ ಅಭಿಯಾನ ಶುರುವಾಗಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಪಾಳುಬಿದ್ದ ಕೋಣೆಗಳಿಗೆ ಸುಣ್ಣಬಣ್ಣ ಆಯಿತು, ಗೋಡೆಗೆ ಚಿತ್ರ ಬಂತು, ಕಂಪ್ಯೂಟರ್, ಟಿವಿ, ಚೆಸ್, ಕೇರಂ ಬಂದವು. ಹೆಸರು ‘ಅರಿವು ಕೇಂದ್ರ’ ಆಯಿತು. ಈ ಸುಧಾರಣೆ ಮೇಲುಮೇಲಿನದ್ದು ಎನ್ನಲಾಗದು. ಹಿಂದೆ ಗ್ರಂಥಾಲಯದ ಹೊಸ್ತಿಲು ದಾಟದ ಹೆಣ್ಣುಮಕ್ಕಳು ಈಗ ಬರುವುದನ್ನು ಯಾವ ತಾಲ್ಲೂಕಿನಲ್ಲಿ ಬೇಕಾದರೂ ನೋಡಬಹುದು.

ಅದೇ ಅವಧಿಯಲ್ಲಿ ಅದನ್ನು ನಡೆಸುವವರ ಸ್ಥಿತಿ ಅಷ್ಟು ವೇಗದಲ್ಲಿ ಬದಲಾಗಲಿಲ್ಲ. ದಿನಕ್ಕೆ 4 ಗಂಟೆ, ಬೆಳಗ್ಗೆ ಎರಡು, ಸಂಜೆ ಎರಡು ಎಂಬ ಹಳೆಯ ಲೆಕ್ಕ ಅರೆಕಾಲಿಕದ ಹೆಸರಿನಲ್ಲಿ ಇಡೀ ದಿನ ನುಂಗುತ್ತಿತ್ತು. ನಡುವಿನ ಹೊತ್ತಿನಲ್ಲಿ ಬೇರೆ ಕೂಲಿಗೂ ಹೋಗುವಂತಿಲ್ಲ. ಗೌರವಧನ 7 ಸಾವಿರದಿಂದ 12 ಸಾವಿರ ರೂಪಾಯಿಗೆ ಏರಿದ್ದು, ಆಮೇಲೆ ಕನಿಷ್ಠ ವೇತನ ಮತ್ತು 8 ಗಂಟೆ ಕೆಲಸದ ಮಾತು ಬಂದದ್ದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ, ಜಿಲ್ಲಾ ಪಂಚಾಯ್ತಿಗಳ ಮುಂದೆ ಧರಣಿ ಕೂತು ಕೂತು. ಮೊತ್ತಕ್ಕಿಂತಲೂ ಹೆಚ್ಚು ಕೇಳಿಬರುವ ದೂರು ತಾರೀಖಿನದ್ದು. ಅನುದಾನ ಕಂತಿನಲ್ಲಿ ಬರುತ್ತದೆ, ಜಿಲ್ಲೆ, ತಾಲ್ಲೂಕು, ಪಂಚಾಯ್ತಿ ಎಂದು ಇಳಿಯುತ್ತದೆ. ಒಂದು ಹಂತದಲ್ಲಿ ಹಾಜರಾತಿ ದೃಢೀಕರಣವೋ ಸಹಿಯೋ ನಿಂತರೆ ಎರಡು ಮೂರು ತಿಂಗಳು ಕೈ ಬರಿದು. ಅಷ್ಟರಲ್ಲಿ ಪತ್ರಿಕೆ ಹಾಕುವವನ ಬಾಕಿಯನ್ನು ಮೇಲ್ವಿಚಾರಕರೇ ತಮ್ಮ ಜೇಬಿನಿಂದ ಕೊಟ್ಟಿರುತ್ತಾರೆ, ಇಲ್ಲದಿದ್ದರೆ ಮರುದಿನ ಪೇಪರ್ ಬರುವುದಿಲ್ಲ, ಪೇಪರ್ ಇಲ್ಲದ ಗ್ರಂಥಾಲಯಕ್ಕೆ ಹಿರಿಯರು ಬರುವುದಿಲ್ಲ.

ಪಂಚಾಯ್ತಿಯ ಕರದ ಲೆಕ್ಕವನ್ನೊಮ್ಮೆ ಹಾಕಿ ನೋಡೋಣ. ವಾರ್ಷಿಕ ಆಸ್ತಿ ತೆರಿಗೆ ಬೇಡಿಕೆ (ವಸೂಲಾಗಬೇಕಾದ ಮೊತ್ತ) 10 ಲಕ್ಷ ಅಂತಿಟ್ಟುಕೊಂಡರೆ ಗ್ರಂಥಾಲಯ ಕರ 60 ಸಾವಿರ. ನೂರಕ್ಕೆ 70 ಭಾಗ ವಸೂಲಾದರೆ 42 ಸಾವಿರ. ನಾಲ್ಕು ದಿನಪತ್ರಿಕೆ, 7 ರೂಪಾಯಿಯಂತೆ, ವರ್ಷಕ್ಕೆ ಸುಮಾರು 10 ಸಾವಿರ. ಇಂಟರ್‌ನೆಟ್ ತಿಂಗಳಿಗೆ 600 ಎಂದರೆ 7 ಸಾವಿರ ಚಿಲ್ಲರೆ. ಕರೆಂಟು, ಗುಡಿಸುವವರು, ಕಂಪ್ಯೂಟರ್ ರಿಪೇರಿಗೆ 10 ಸಾವಿರ. ಉಳಿದ 15 ಸಾವಿರದಲ್ಲಿ, ಪುಸ್ತಕಕ್ಕೆ ಸರಾಸರಿ 200 ರೂಪಾಯಿ ಹಿಡಿದರೆ, 75 ಪುಸ್ತಕ. ವೇತನದ ಒಂದಂಶವನ್ನೂ ಇದೇ ಕರದಿಂದ ಭರಿಸಿ ಎಂದರೆ ಪುಸ್ತಕ ಪೂರ್ತಿ ಹೋಯಿತು. ತೆರಿಗೆ ಬೇಡಿಕೆ 3 ಲಕ್ಷವಷ್ಟೇ ಇರುವ ಸಣ್ಣ ಪಂಚಾಯ್ತಿಯಲ್ಲಿ ಪೇಪರಿಗೂ ಎಳೆದಾಟ. ಕಾರ್ಖಾನೆ, ರೆಸಾರ್ಟು ಇರುವ ಪಂಚಾಯ್ತಿಯ ಅರಿವು ಕೇಂದ್ರ ಝಗಮಗಿಸುವುದೂ ಪಕ್ಕದ್ದು ಮಂಕಾಗಿರುವುದೂ ಎಷ್ಟೋ ಸಲ ಮೇಲ್ವಿಚಾರಕರ ಉತ್ಸಾಹಕ್ಕಿಂತ ತೆರಿಗೆಯ ತಳಹದಿಯಿಂದ.

ಕೊರತೆ ತುಂಬಲು ‘ಪುಸ್ತಕ ಜೋಳಿಗೆ’ ಹಿಡಿದು ಮನೆಮನೆಗೆ ಹೋಗುವ ಅಭಿಯಾನಗಳು ನಡೆದವು. ದಾನಿಗಳ ಮನಸ್ಸು ದೊಡ್ಡದು, ಅಟ್ಟವೂ ದೊಡ್ಡದು. ಬಂದದ್ದರಲ್ಲಿ ಹಳೆಯ ಪಠ್ಯ, ಡೈರಿ, ಅಭಿನಂದನ ಗ್ರಂಥ, ಸ್ಮರಣ ಸಂಚಿಕೆಗಳೇ ಹೆಚ್ಚು. ಆರಿಸಿ ಬೇರ್ಪಡಿಸುವ ಕೆಲಸ ಮತ್ತೆ ಅದೇ ಮೇಲ್ವಿಚಾರಕರದ್ದು. ಬೇಡ ಎಂದರೆ ದಾನಿಗೆ ಬೇಸರ, ಇಟ್ಟುಕೊಂಡರೆ ಜಾಗವಿಲ್ಲ. ‘ಸಂಗ್ರಹಿಸಿದ ಪುಸ್ತಕ’ದ ಸಂಖ್ಯೆ ಮೇಲಿನವರಿಗೆ ಹೋಗಿರುವುದರಿಂದ ಕಡಿಮೆ ಮಾಡುವಂತೆಯೂ ಇಲ್ಲ.

ಪಂಚಾಯ್ತಿ ಕಟ್ಟಡದ ಪಕ್ಕದಲ್ಲೇ ಇರುವುದಕ್ಕೆ ಇನ್ನೊಂದು ಬೆಲೆಯಿದೆ. ಸಮೀಕ್ಷೆ ಬಂದರೆ, ಕಂಪ್ಯೂಟರ್ ಆಪರೇಟರ್ ರಜೆ ಹಾಕಿದರೆ, ತೆರಿಗೆ ಆಂದೋಲನ ನಡೆದರೆ, ಕೆಲವೆಡೆ ಮೊದಲು ಕರೆಯುವುದು ಗ್ರಂಥಾಲಯದವರನ್ನು. ‘ಅಲ್ಲಿ ಖಾಲಿ ಕೂತಿರ್ತಾರಲ್ಲ.’ ಅವರು ಹೋದಷ್ಟು ದಿನ ಬಾಗಿಲಿಗೆ ಬೀಗ. ಬೀಗ ನೋಡಿ ವಾಪಸ್ ಹೋದ ಮಕ್ಕಳು ನಾಲ್ಕನೇ ದಿನ ಬರುವುದು ನಿಲ್ಲಿಸುತ್ತಾರೆ, ಬರುವವರಿಲ್ಲ ಎಂಬುದೇ ಮುಂದಿನ ಸಲ ಕರೆಯಲು ಕಾರಣವಾಗುತ್ತದೆ. ಹೆರಿಗೆ ರಜೆಗೆ, ಕಾಯಿಲೆಗೆ ಬದಲಿ ವ್ಯವಸ್ಥೆ ಇಲ್ಲದ ಏಕವ್ಯಕ್ತಿ ಸಂಸ್ಥೆ ಇದು.

ಅಂಕಿಗಳ ಆಟ

2020ರ ಫೆಬ್ರುವರಿಯಲ್ಲಿ ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಶುರುವಾಯಿತು. ಉಚಿತ ನೋಂದಣಿ, ಇ-ಪುಸ್ತಕ, ಪಠ್ಯದ ವಿಡಿಯೊ. ಲಾಕ್‌ಡೌನ್‌ನಲ್ಲಿ ಇದು ಉಪಯೋಗಕ್ಕೆ ಬಂತು. ಜತೆಗೇ ನೋಂದಣಿಯ ಗುರಿ ತಲುಪುವ ಕೆಲಸ ಸಿಬ್ಬಂದಿಯ ತಲೆಗೆ ಬಂತು. ನೋಂದಾಯಿಸಿದವರು ಎಷ್ಟು ಜನ ಎಂಬುದು ಸುಲಭವಾಗಿ ಸಿಗುವ ದೊಡ್ಡ ಅಂಕಿ, ಸಭೆಯಲ್ಲಿ ಹೇಳಲು ಚೆಂದ. ಅದರಲ್ಲಿ ಎಷ್ಟು ಜನ ಎರಡನೇ ಸಲ ಒಳಗೆ ಬಂದರು, ಒಂದು ಪುಸ್ತಕವನ್ನಾದರೂ ಮುಗಿಸಿದರು ಎಂಬುದು ಕಷ್ಟದ ಅಂಕಿ.

ವಸ್ತು ಎಣಿಸುವ ರೂಢಿಯೇ ಪರದೆಯ ಮೇಲೂ ಮುಂದುವರಿದಿದೆ. ಬದಲಿಗೆ ಮಾಸಿಕ ವರದಿಗೆ ಮೂರೇ ಕಾಲಂ ಸೇರಿಸಿದರೂ ಚಿತ್ರ ಬೇರೆಯಾಗುತ್ತದೆ: ಈ ತಿಂಗಳು ಕೇಳಿದ ಪ್ರಶ್ನೆಗಳು ಮತ್ತು ಉತ್ತರ ಸಿಕ್ಕವು ಎಷ್ಟು, ಒಂದು ವರ್ಷದಲ್ಲಿ ಒಮ್ಮೆಯೂ ಕಪಾಟಿನಿಂದ ಇಳಿಯದ ಪುಸ್ತಕ ಎಷ್ಟು, ಅನ್ಯ ಕೆಲಸಕ್ಕೆ ಕರೆಸಿಕೊಂಡದ್ದರಿಂದ ಬಾಗಿಲು ಮುಚ್ಚಿದ ಗಂಟೆ ಎಷ್ಟು. ಮೊದಲನೆಯದು ಕೆಲಸ ತೋರಿಸುತ್ತದೆ, ಎರಡನೆಯದು ಖರೀದಿಯ ತಪ್ಪು, ಮೂರನೆಯದು ಆಡಳಿತದ್ದು. ಇದಕ್ಕೆ ಹೊಸ ತಂತ್ರಾಂಶ ಬೇಡ, 200 ಪುಟದ ಒಂದು ನೋಟ್ ಪುಸ್ತಕ ಸಾಕು. ಸಾವಿರಕ್ಕೆ ಐದರ ಸಹಜ ನಷ್ಟವನ್ನು ಪ್ರತಿ ಶಾಖೆಗೂ ಲಿಖಿತವಾಗಿ ತಿಳಿಸುವುದಕ್ಕೂ ಒಂದು ಸುತ್ತೋಲೆಯ ಖರ್ಚಷ್ಟೇ.

ಉಳಿದದ್ದು ರಸೀದಿ ಹಿಡಿದವರ ಕೈಯಲ್ಲಿದೆ. ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ, ಬೀದಿದೀಪದ ಸರದಿ ಮುಗಿದ ಮೇಲೆ ಕೇಳಬೇಕಾದ ಪ್ರಶ್ನೆ ನಾಲ್ಕು ಸಾಲಿನದ್ದು: ಈ ವರ್ಷ ಗ್ರಂಥಾಲಯ ಕರ ಎಷ್ಟು ವಸೂಲಾಯಿತು, ಅದರಲ್ಲಿ ಪುಸ್ತಕಕ್ಕೆ ಎಷ್ಟು ಹೋಯಿತು, ಯಾವ ಪುಸ್ತಕ ಎಂದು ಆರಿಸಿದವರು ಯಾರು, ಮೇಲ್ವಿಚಾರಕರಿಗೆ ಕೊನೆಯ ಸಂಬಳ ಆದದ್ದು ಯಾವ ತಿಂಗಳದ್ದು. ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಸಿ, ನಕಲು ಕೇಳಿ ಪಡೆಯಬಹುದು.